ಜಿಂಕೆ ಬೇಟೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್: ಯಾವುದು ತಗೊಳ್ಳಲಿ? (ಟೆಕ್ಸಸ್, ಹಿಲ್ ಕಂಟ್ರಿ)

ಮಧುಗಿರಿ_ಟು_ಆಸ್ಟಿನ್

ಎಲ್ಲರಿಗೂ ನಮಸ್ಕಾರ. ನಾನು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇನೆ. ಆಫೀಸಿನ ಗೆಳೆಯನೊಬ್ಬ ಲ್ಯಾನೋ ಕಡೆ ಒಂದು ರಾಂಚ್‌ನಲ್ಲಿ ಬೇಟೆಗೆ ಲೀಸ್ ಮಾಡಿಕೊಂಡಿದ್ದಾನೆ. ಈ ನವೆಂಬರ್‌ಗೆ ನೀನೂ ಬಾ ಅಂತ ಕರೆದಿದ್ದಾನೆ. ಗ್ರೀನ್ ಕಾರ್ಡ್ ಇದೆ, ಹಂಟರ್ ಎಜುಕೇಶನ್ ಕೋರ್ಸ್ ಆಯ್ತು, ಲೈಸನ್ಸ್ ಕೂಡ ತಗೊಂಡೆ. ಈಗ ರೈಫಲ್ ಬಾಕಿ.

ನನಗೆ ಸೆಮಿ ಆಟೋನೇ (ಹೊಡೆದ ಮೇಲೆ ಮುಂದಿನ ತೋಟಾ ತಾನೇ ಏರುವಂಥದ್ದು) ಬೇಕು ಅನ್ನಿಸಿದೆ. ರೇಂಜ್‌ನಲ್ಲಿ ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಲ್ಲಿ ಎಳೆದು ತೋಟಾ ಏರಿಸುವಂಥದ್ದು), 308 ತೋಟಾದ್ದು, ಹೊಡೆದಾಗ ಬಲ ಭುಜ ಹಿಡಿದುಕೊಂಡಿತು. ಹಳೆಯ ಕ್ರಿಕೆಟ್ ಪೆಟ್ಟು. ಗೆಳೆಯನ ಸೆಮಿ ಹೊಡೆದಾಗ ಆರಾಮವಾಗಿತ್ತು. ಹೆಂಡತಿಗೂ ಕಲಿಯುವ ಆಸೆ ಇದೆ. ರಾಂಚ್‌ನಲ್ಲಿ ಕಾಡುಹಂದಿಯೂ ಜಾಸ್ತಿ, ಆಕ್ಸಿಸ್ ಜಿಂಕೆಯೂ ಬರುತ್ತದಂತೆ.

ನೋಡಿಟ್ಟಿರುವುದು ಇಷ್ಟು: ಬ್ರೌನಿಂಗ್ ಬಿಎಆರ್ ಮಾರ್ಕ್ 3, ರೂಗರ್ ಎಸ್ಎಫ್ಎಆರ್ (308), ಸಾಮಾನ್ಯ ಎಆರ್-15 ಒಂದು. ಜತೆಗೆ ಗಿರವಿ ಅಂಗಡಿ (ಪಾನ್ ಶಾಪ್) ಒಂದರಲ್ಲಿ ಹಳೆ ರೆಮಿಂಗ್ಟನ್ 742 ಕಡಿಮೆ ಬೆಲೆಗಿದೆ. ನೋಡೋಕೆ ಬಹಳ ಚೆಂದ. ದುರ್ಬೀನು ಸೇರಿ 2000 ಡಾಲರ್ ಒಳಗೆ ಮುಗಿಸಬೇಕು. ಯಾವುದು ಹಿಡಿಯಲಿ?

ಬೋಲ್ಟ್_ಭೀಮಣ್ಣ

ಯಾವುದೂ ಬೇಡ. ಒಂದು ರೂಗರ್ ಅಮೆರಿಕನ್ ಬೋಲ್ಟ್ ಆಕ್ಷನ್ ತಗೊಳ್ಳಿ, ಅದಕ್ಕೊಂದು ಒಳ್ಳೆ ಸ್ಕೋಪ್ ಹಾಕಿ. ಉಳಿದ ದುಡ್ಡಿನಲ್ಲಿ ಗುಂಡು ತಂದು ಅಭ್ಯಾಸ ಮಾಡಿ. ಜಿಂಕೆಗೆ ಒಂದೇ ಈಡು ಸಾಕು ರೀ. ಮೊದಲನೆಯದು ತಪ್ಪಿದರೆ ಎರಡನೆಯದು ಓಡುವ ಬಾಲಕ್ಕೆ ಬೀಳುತ್ತದೆ ಅಷ್ಟೇ.

ಕುಶಾಲನಗರದವ

ಭೀಮಣ್ಣ ಹೇಳಿದ್ದು ಸರಿ. ಆದರೆ ಹುಡುಗ ಕೇಳಿದ್ದು ಅದಲ್ಲ. ಅವನ ಭುಜ ನೋಯುತ್ತದೆ. ಗ್ಯಾಸ್‌ನಲ್ಲಿ ನಡೆಯುವ ಸೆಮಿ ಆ ಪೆಟ್ಟನ್ನು ಮೆತ್ತಗೆ ಮಾಡುತ್ತದೆ, ಅದು ಸುಳ್ಳಲ್ಲ. ನಳಿಗೆಯಿಂದ ಒಂದಿಷ್ಟು ಗ್ಯಾಸ್ ಪಿಸ್ಟನ್ನಿಗೆ ಹೋಗಿ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದೆತ ಒಂದೇ ಏಟಿಗೆ ಬರದೆ ಹರಡಿಕೊಂಡು ಬರುತ್ತದೆ. ಹೊಡೆಯುವ ಮೊದಲೇ ಭುಜಕ್ಕೆ ಹೆದರಿ ಕಣ್ಣು ಮುಚ್ಚುವವನ ಕೈಯಲ್ಲಿ ಎಂಥ ಬೋಲ್ಟ್ ರೈಫಲ್ ಇದ್ದರೂ ಪ್ರಯೋಜನ ಇಲ್ಲ.

ನಾನು ಸ್ಯಾನ್ ಆಂಟೋನಿಯೋದಲ್ಲಿ ಇದ್ದು ಬಹಳ ವರ್ಷವಾಯ್ತು. ಕೆರ್‌ವಿಲ್ ಕಡೆ ಬೇಟೆಗೆ ಹೋಗುತ್ತೇನೆ. ನಿಮ್ಮ ಪಟ್ಟಿಯನ್ನು ಒಂದೊಂದಾಗಿ ನೋಡೋಣ.

742: ಮುಟ್ಟಬೇಡಿ ತಮ್ಮಾ. 1960ರಿಂದ 1980ರವರೆಗೆ ಬಂದ ಮಾಡೆಲ್ ಅದು. ಮರ, ಕಬ್ಬಿಣ ಎಲ್ಲ ಚೆಂದ. ಆದರೆ ಹೊಡೆದ ಹಾಗೆಲ್ಲ ಬೋಲ್ಟಿನ ಹಲ್ಲುಗಳು ಒಳಗಿನ ರೈಲನ್ನು ಕೊರೆಯುತ್ತಾ ಹೋಗುತ್ತವೆ. ಬೋಲ್ಟನ್ನು ಹಿಂದಕ್ಕೆ ಎಳೆದು ಹಿಡಿದು ಒಳಗೆ ಟಾರ್ಚ್ ಬಿಟ್ಟು ನೋಡಿ. ರೈಲಿನ ಅಂಚು ನಯವಾಗಿರಬೇಕು. ಗರಗಸದ ಬಾಯಿ ಥರ ಕಚ್ಚು ಕಚ್ಚಾಗಿದ್ದರೆ ಅದರ ಕಥೆ ಮುಗಿದಿದೆ. ರಿಸೀವರನ್ನೇ, ಅಂದರೆ ಬೋಲ್ಟ್ ಕೂರುವ ಒಡಲನ್ನೇ, ಬದಲಿಸಬೇಕು, ಅದು ಸಿಗೋದಿಲ್ಲ. ಹಳೆ ಕಂಪನಿ 2018ರಲ್ಲೊಮ್ಮೆ, 2020ರಲ್ಲೊಮ್ಮೆ ದಿವಾಳಿಯಾಯ್ತು. ಯಾರನ್ನು ಕೇಳ್ತೀರಿ? ಇಲ್ಲಿನ ಹಳಬರು ಆ ಕೋವಿಗೆ ‘ಜಾಮೋಮ್ಯಾಟಿಕ್’ ಅಂತಲೇ ಹೆಸರಿಟ್ಟಿದ್ದಾರೆ.

ಬಿಎಆರ್: ಬೇಟೆಗೆಂದೇ ಮಾಡಿದ ಸೆಮಿ. 1967ರಿಂದ ಇದೆ. ಮೊದಲ ಮಹಾಯುದ್ಧದ ಕಾಲದ ಅದೇ ಹೆಸರಿನ ಮಿಲಿಟರಿ ಗನ್ ಬೇರೆ, ಇದು ಬೇರೆ. ಮಾರ್ಕ್ 3ರಲ್ಲಿ 308ಕ್ಕೆ ಮ್ಯಾಗಝಿನ್‌ನಲ್ಲಿ 4 ತೋಟಾ ಹಿಡಿಯುತ್ತದೆ. ಬೋಲ್ಟಿಗೆ ಏಳು ಹಲ್ಲು, ತಿರುಗಿ ಬಿಗಿಯುತ್ತದೆ. ಭುಜಕ್ಕೆ ಇಟ್ಟರೆ ಹಳೆ ಕಾಲದ ಕೋವಿಯ ಹಾಗೆಯೇ ಕೂರುತ್ತದೆ. ಬೆಲೆ ಜಾಸ್ತಿ. ನಿಮ್ಮ 2000ದಲ್ಲಿ ಮುಕ್ಕಾಲು ಪಾಲು ಅದೇ ನುಂಗುತ್ತದೆ.

ಎಸ್ಎಫ್ಎಆರ್: 2022ರಲ್ಲಿ ಬಂದದ್ದು. ಎಆರ್-10 (308 ಹೊಡೆಯುವ ದೊಡ್ಡ ಎಆರ್) ಜಾತಿ, ಆದರೆ ಮೈ ಚಿಕ್ಕದು. 16 ಇಂಚಿನ ನಳಿಗೆಯದು 7 ಪೌಂಡಿಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಗ್ಯಾಸ್ ಎಷ್ಟು ಬಿಡಬೇಕು ಅಂತ ತಿರುಗಿಸುವ ಗುಂಡಿ ಇದೆ. ಸ್ಕೋಪ್ ಕೂರಿಸಲು ಮೇಲೆ ರೈಲು ಸಿದ್ಧವಾಗಿದೆ. ನಿಮ್ಮ ಕೆಲಸಕ್ಕೆ ಇದು ಅಥವಾ ಬಿಎಆರ್.

ಪಿಟ್ಸ್‌ಬರ್ಗ್_ಪುಟ್ಟ

ಓದ್ತಾ ಇರುವ ಬೇರೆ ರಾಜ್ಯದವರಿಗೆ ಒಂದು ಮಾತು. ಟೆಕ್ಸಸ್‌ನವರ ಮಾತು ಕೇಳಿ ಅಂಗಡಿಗೆ ಓಡಬೇಡಿ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೋ ರೈಫಲ್ ನಡೆಯೋದಿಲ್ಲ. 2016ರ ಕಾನೂನು ಬಂದ ಮೇಲೆ ಗೇಮ್ ಕಮಿಷನ್‌ಗೆ (ರಾಜ್ಯದ ಬೇಟೆ ಇಲಾಖೆ) ಅದನ್ನು ತೀರ್ಮಾನಿಸುವ ಅಧಿಕಾರ ಸಿಕ್ಕಿತು. 2017ರಲ್ಲಿ ಸಣ್ಣ ಪ್ರಾಣಿಗಳಿಗೆ, ಕಾಯೋಟಿಯಂಥವಕ್ಕೆ ಬಿಟ್ಟರು. ಜಿಂಕೆಗೆ ಬಿಡಲಿಲ್ಲ. ಬೇಟೆಗಾರರಲ್ಲೇ ತುಂಬಾ ಜನ ಬೇಡ ಅಂದರು.

ಬೇಟೆ ಹುಚ್ಚಿಗೇನೂ ಕೊರತೆ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ರಜೆ, ಜಿಂಕೆ ಸೀಸನ್ ಅಂತ. 2019ರಲ್ಲಿ ಆರಂಭವನ್ನು ಶನಿವಾರಕ್ಕೆ ತಂದರು. ಆದರೂ ಸೋಮವಾರದ ರಜೆ ಕೊಡುವವರು ಕೊಡುತ್ತಲೇ ಇದ್ದಾರೆ.

ನೋವೈ_ನಾಗ

ಮಿಚಿಗನ್‌ನಿಂದ. ಇಲ್ಲಿ ಸೆಮಿ ನಡೆಯುತ್ತದೆ, ಆದರೆ ನಳಿಗೆ ಮತ್ತು ಮ್ಯಾಗಝಿನ್ ಸೇರಿ ಆರಕ್ಕಿಂತ ಜಾಸ್ತಿ ತೋಟಾ ಹಿಡಿಯುವಂತಿರಬಾರದು. ಎಆರ್ ಜತೆ ಬರುವ 20, 30ರ ಮ್ಯಾಗಝಿನ್ ಮನೆಯಲ್ಲೇ ಇಡಿ. ಐದರದ್ದು ಬೇರೆ ಸಿಗುತ್ತದೆ. ಓಹಾಯೋದಲ್ಲಿ ಇನ್ನೂ ಬಿಗಿ: ನೆಟ್ಟಗಿನ ಕೇಸಿನ (ಕತ್ತು ಸಣ್ಣಗಾಗದ) ತೋಟಾ ಮಾತ್ರ, ಅದೂ ಒಟ್ಟು ಮೂರೇ. ಅದಕ್ಕೇ ಈ ಕಡೆ 350 ಲೆಜೆಂಡ್, 450 ಬುಷ್‌ಮಾಸ್ಟರ್ ತೋಟಾ ಅಂತ ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. ಎರಡೂ ಎಆರ್-15ರಲ್ಲೇ ಹೊಡೆಯಬಹುದು. ಇಲಿನಾಯ್ಸ್‌ನಲ್ಲಿ 2023ರಿಂದ ಜಿಂಕೆಗೆ ರೈಫಲ್ ಬಿಟ್ಟರು, ಆದರೆ ಸಿಂಗಲ್ ಶಾಟ್ ಮಾತ್ರ. ಆ ವರ್ಷದ ನಿಯಮದ ಪುಸ್ತಕ ನೋಡದೆ ಯಾರೂ ದುಡ್ಡು ಕೊಡಬೇಡಿ.

ಟೆಕ್ಸಸ್‌ನಲ್ಲಿ ಈ ತಲೆನೋವೇ ಇಲ್ಲ. ಹೊಟ್ಟೆ ಉರಿಯುತ್ತದೆ.

ಕುಶಾಲನಗರದವ

ನಾಗ ಹೇಳಿದ್ದು ಹೌದು. ಟೆಕ್ಸಸ್‌ನಲ್ಲಿ ಮ್ಯಾಗಝಿನ್‌ಗೆ ಮಿತಿ ಇಲ್ಲ. ವೈಟ್‌ಟೇಲ್‌ಗೆ (ಇಲ್ಲಿನ ಬಿಳಿಬಾಲದ ಜಿಂಕೆ) ರಿಮ್‌ಫೈರ್, ಅಂದರೆ 22ರಂಥದ್ದು, ನಡೆಯೋದಿಲ್ಲ. ಮಿಕ್ಕಂತೆ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಪೆಟ್ಟು ಬೀಳುವಂಥದ್ದು) ಯಾವುದಾದರೂ ಸರಿ. ಬೆಳಿಗ್ಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಸಂಜೆ ಮುಳುಗಿದ ಅರ್ಧ ಗಂಟೆವರೆಗೆ. ಕಾನೂನು ಬಿಟ್ಟಿದೆ ಅಂತ 20 ತೋಟಾ ತುಂಬಿ ಹೋಗಬೇಕು ಅಂತಿಲ್ಲ. ನಾನು ನಾಲ್ಕು ತುಂಬುತ್ತೇನೆ.

ಸಾರು_ಅನ್ನ

ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತಿದ್ದೇನೆ. ಆಕ್ಸಿಸ್ ಅಂದರೆ ನಮ್ಮ ಬಂಡೀಪುರದ ಚುಕ್ಕೆ ಜಿಂಕೆ ಅಲ್ವಾ? ಊರಲ್ಲಿ ಸಫಾರಿ ಬಸ್ಸಿನಲ್ಲಿ ಕೂತು ಮಕ್ಕಳಿಗೆ ತೋರಿಸಿ, ಇಲ್ಲಿ ಬಂದು ಅದನ್ನೇ ಹೊಡೆಯೋದಾ? ಅಂಗಡಿಯಲ್ಲಿ ಬೇಕಾದಷ್ಟು ಮಾಂಸ ಸಿಗುವಾಗ?

ಕುಶಾಲನಗರದವ

ಕೇಳಿದ್ದು ತಪ್ಪಲ್ಲ. ಅದೇ ಚುಕ್ಕೆ ಜಿಂಕೆ. 1932ರ ಸುಮಾರಿಗೆ ಬೇಟೆಗೆಂದು ಇಲ್ಲಿಗೆ ತಂದರು. ಕೃಷ್ಣಮೃಗವನ್ನೂ ಹೆಚ್ಚುಕಡಿಮೆ ಆಗಲೇ ತಂದರು. ದಕ್ಷಿಣದ ಕಿಂಗ್ ರಾಂಚ್‌ನಲ್ಲಿ ನೀಲಗಾಯಿ ಬಿಟ್ಟರು. ಬೇಲಿ ದಾಟಿ ಹೋದ ಆಕ್ಸಿಸ್ ಹಿಲ್ ಕಂಟ್ರಿಯ ತುಂಬ ಹರಡಿಕೊಂಡವು.

ನಮ್ಮ ನಾಗರಹೊಳೆಯಲ್ಲಿ ಅವುಗಳ ಹಿಂದೆ ಹುಲಿ, ಚಿರತೆ, ಸೀಳುನಾಯಿ ಇರುತ್ತವೆ. ಇಲ್ಲಿ ಯಾರೂ ಇಲ್ಲ. ಹುಲ್ಲು ಮುಗಿದರೆ ಎಲೆ, ಚಿಗುರು ಏನು ಸಿಕ್ಕರೂ ತಿನ್ನುತ್ತವೆ. ಈ ನೆಲದ ವೈಟ್‌ಟೇಲ್‌ಗೆ ಆ ಥರ ಹುಲ್ಲಿನ ಮೇಲೆ ಬದುಕೋಕೆ ಆಗೋದಿಲ್ಲ. ಬರಗಾಲದಲ್ಲಿ ಅದೇ ಸೊರಗುತ್ತದೆ. ಹಾಗಾಗಿ ಆಕ್ಸಿಸ್‌ಗೆ ಸೀಸನ್ ಇಲ್ಲ, ಇಷ್ಟೇ ಹೊಡೆಯಬೇಕು ಅನ್ನುವ ಮಿತಿಯೂ ಇಲ್ಲ. ಲೈಸನ್ಸ್ ಮತ್ತು ಜಮೀನಿನವನ ಒಪ್ಪಿಗೆ ಇದ್ದರೆ ವರ್ಷವಿಡೀ ಬೇಟೆ.

ಊರಿನ ಮಾತು ಬೇರೆ. ನಾನು ಕೊಡಗಿನವನು, ಮನೆಯಲ್ಲಿ ಕೋವಿ ಇದೆ. ಕೈಲ್‌ಪೊಳ್ದ್ ದಿನ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸನ್ಸಿನ ವಿನಾಯಿತಿ ಇದೆ. ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಆದರೆ ಅದು ಕೋವಿ ಇಟ್ಟುಕೊಳ್ಳಲು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಊರಿಗೆ ಹೋದಾಗ ನಾನು ತೆಂಗಿನಕಾಯಿ ಬಿಟ್ಟು ಬೇರೆ ಯಾವುದಕ್ಕೂ ಗುರಿ ಇಡೋದಿಲ್ಲ.

ಇನ್ನೊಂದು ಸೋಜಿಗ. ಪಾಕಿಸ್ತಾನದಲ್ಲಿ ಕೃಷ್ಣಮೃಗ ಪೂರ್ತಿ ನಾಶವಾಗಿತ್ತು. 1970ರ ಸುಮಾರಿಗೆ ಅಲ್ಲಿನ ಲಾಲ್ ಸುಹಾಂರಾ ಪಾರ್ಕಿಗೆ ಮತ್ತೆ ತಂದು ಬಿಡಲು ಪ್ರಾಣಿ ಹೋದದ್ದು ಇದೇ ಟೆಕ್ಸಸ್‌ನಿಂದ.

ಮಧುಗಿರಿ_ಟು_ಆಸ್ಟಿನ್

ನಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲೇ ಕೃಷ್ಣಮೃಗ ಇವೆ ಅಣ್ಣ. ಅದನ್ನಂತೂ ನಾನು ಇಲ್ಲೂ ಹೊಡೆಯಲ್ಲ, ಯಾಕೋ ಮನಸ್ಸು ಬರಲ್ಲ. ವೈಟ್‌ಟೇಲ್, ಆಕ್ಸಿಸ್ ಸಾಕು.

ಎಆರ್-15 ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಎಲ್ಲಕ್ಕಿಂತ ಅಗ್ಗ. 223 ಸಾಕಾಗಲ್ವಾ?

ಸಕಲೇಶಪುರ_ಕಾಫಿ

ಹ್ಯೂಸ್ಟನ್‌ನಿಂದ. ನಾನು, ನನ್ನ ಯಜಮಾನರು ಇಬ್ಬರೂ ಹೋಗುತ್ತೇವೆ. ಟೆಕ್ಸಸ್‌ನಲ್ಲಿ 223ಕ್ಕೆ ಅಡ್ಡಿ ಇಲ್ಲ, ಚಿಕ್ಕ ವೈಟ್‌ಟೇಲ್‌ಗೆ ಸರಿಯಾದ ಗುಂಡು ಹಾಕಿ ಹತ್ತಿರದಿಂದ ಹೊಡೆದರೆ ಕೆಲಸ ಆಗುತ್ತದೆ. ಆದರೆ ನೀವು ಹೊಸಬರು. ಗುರಿ ನಾಲ್ಕು ಇಂಚು ಆಚೀಚೆ ಆದರೆ 223 ಕ್ಷಮಿಸೋದಿಲ್ಲ. ಆಕ್ಸಿಸ್ ಗಂಡು 200 ಪೌಂಡಿನವರೆಗೂ ತೂಗಬಹುದು, ಭುಜದ ಮೂಳೆ ದಪ್ಪ. ಗಾಯಗೊಂಡು ಮುಳ್ಳು ಪೊದೆಗೆ ನುಗ್ಗಿದರೆ ಹುಡುಕೋದು ನೀವೇ, ನರಳೋದು ಅದು.

ಎಆರ್-15ರ ಮ್ಯಾಗಝಿನ್ ಬಾಯಿ ಚಿಕ್ಕದು, 308 ಅದರಲ್ಲಿ ಹಿಡಿಯೋದೇ ಇಲ್ಲ. ಆ ಚೌಕಟ್ಟಿನಲ್ಲೇ ಬೇಕು ಅಂದರೆ 6.5 ಗ್ರೆಂಡೆಲ್ ಅಥವಾ 6.8 ಎಸ್‌ಪಿಸಿ ತೋಟಾದ್ದು ನೋಡಿ. 300 ಬ್ಲ್ಯಾಕೌಟ್ 100 ಗಜದೊಳಗೆ ಪರವಾಗಿಲ್ಲ, ಅದೂ ವೇಗದ ಹಗುರ ಗುಂಡಿನಲ್ಲಿ. ಸಬ್‌ಸಾನಿಕ್‌ನಲ್ಲಿ (ಶಬ್ದಕ್ಕಿಂತ ನಿಧಾನದ ಗುಂಡು) ಜಿಂಕೆ ಬೇಡ. ಇನ್ನೊಂದು ಎಚ್ಚರಿಕೆ: 300 ಬ್ಲ್ಯಾಕೌಟ್ ತೋಟಾ 223ರ ರೈಫಲ್‌ಗೂ ಒಳಗೆ ಹೋಗಿಬಿಡಬಹುದು. ಹೊಡೆದರೆ ಕೋವಿ ಒಡೆದು ಮುಖಕ್ಕೆ ಬರುತ್ತದೆ. ಎರಡೂ ಒಂದೇ ಮನೆಯಲ್ಲಿ ಇದ್ದರೆ ಮ್ಯಾಗಝಿನ್‌ಗೆ ಬಣ್ಣದ ಟೇಪ್ ಸುತ್ತಿ ಬೇರೆ ಬೇರೆ ಇಡಿ.

ನಾನು ಬಳಸೋದು ಬಿಎಆರ್, 243ರಲ್ಲಿ. ಒದೆತ ಏನೂ ಅನ್ನಿಸೋದಿಲ್ಲ. ನಿಮ್ಮ ಮನೆಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಭುಜಕ್ಕೆ ಇಟ್ಟು ನೋಡಿ. ಹೆಚ್ಚಿನ ರೈಫಲ್‌ಗಳ ಹಿಂಬದಿ ಉದ್ದ, ನಮ್ಮಂಥ ಕೈಗೆ ಟ್ರಿಗರ್ ಎಟಕೋದೇ ಕಷ್ಟ. ಎಆರ್ ಜಾತಿಯದರಲ್ಲಿ ಅದನ್ನು ಎಳೆದು, ತಳ್ಳಿ ಹೊಂದಿಸಬಹುದು. ಗಂಡ ಹೆಂಡತಿ ಒಂದೇ ರೈಫಲ್ ಹೊಡೆಯೋದಾದರೆ ಇದು ದೊಡ್ಡ ಅನುಕೂಲ. ಅಂಗಡಿಯವರು ಹೆಂಗಸು ಅಂದ ಕೂಡಲೇ ಗುಲಾಬಿ ಬಣ್ಣದ್ದೇನೋ ತೋರಿಸುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಬ್ಲೈಂಡಿನ, ಅಂದರೆ ಅಡಗಿ ಕೂರುವ ಪೆಟ್ಟಿಗೆಯ, ವಿಷಯ. ಇದನ್ನು ಯಾರೂ ಅಂಗಡಿಯಲ್ಲಿ ಹೇಳೋದಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಹೋಗಿ ಆ ಪೆಟ್ಟಿಗೆಯೊಳಗೆ ಕೂರುತ್ತೀರಿ. ಹೊರಗೆ ಎಲೆ ಬಿದ್ದರೂ ಕೇಳುವಷ್ಟು ಸದ್ದಿಲ್ಲ. ಟೈಮರ್ ಹೊತ್ತಿಗೆ ಫೀಡರ್ ಗಿರ್ರ್ ಅಂತ ತಿರುಗಿ ಜೋಳ ಎರಚುತ್ತದೆ. ಮೊದಲು ಹಕ್ಕಿ ಬರುತ್ತವೆ, ರಕೂನ್ ಬರುತ್ತದೆ, ಆಮೇಲೆ ಪೊದೆಯ ಅಂಚಿನಲ್ಲಿ ಒಂದು ಕಿವಿ ಕಾಣುತ್ತದೆ. ಆಗ ನೀವು ತೋಟಾ ಏರಿಸೋಕೆ ಹೋದಿರೋ, ಸೆಮಿಯ ಬೋಲ್ಟ್ ಖಟಾರ್ ಅಂತ ಮುಂದಕ್ಕೆ ಬಡಿಯುತ್ತದೆ. ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು. ಮೆಲ್ಲಗೆ ಕೈಯಲ್ಲಿ ಹಿಡಿದು ಬಿಡೋಣ ಅಂದರೆ ಬೋಲ್ಟ್ ಪೂರ್ತಿ ಕೂರೋದಿಲ್ಲ, ಆಮೇಲೆ ಟ್ರಿಗರ್ ಒತ್ತಿದರೆ ಬರೀ ಟಿಕ್. ಅದಕ್ಕೇ ಬ್ಲೈಂಡಿನೊಳಗೆ ಕೂತ ಕೂಡಲೇ, ಬೆಳಕಾಗುವ ಮೊದಲೇ, ಮೂತಿ ಕಿಟಕಿಯಾಚೆ ನೆಲದ ಕಡೆಗೆ ಇಟ್ಟು ಬೋಲ್ಟ್ ಪೂರ್ತಿ ಎಳೆದು ಬಿಡಿ. ಸೇಫ್ಟಿ ಹಾಕಿ. ಆಮೇಲೆ ಮುಟ್ಟಬೇಡಿ. ಮೆಟ್ಟಿಲು ಹತ್ತುವಾಗ, ಇಳಿಯುವಾಗ ಮಾತ್ರ ಖಾಲಿ ಇರಬೇಕು.

ಬೋಲ್ಟ್_ಭೀಮಣ್ಣ

> ಬೋಲ್ಟ್ ಖಟಾರ್ ಅಂತ ಮುಂದಕ್ಕೆ ಬಡಿಯುತ್ತದೆ

ನೋಡಿ, ನಮ್ಮ ಬೋಲ್ಟ್ ಆಕ್ಷನ್‌ಗೆ ಈ ಗೋಳೇ ಇಲ್ಲ. ಬೆಣ್ಣೆ ಥರ ಜಾರುತ್ತದೆ.

ಇರಲಿ, ನಿಜವಾದ ಭಯ ಬೇರೆ ಇದೆ. ಬೋಲ್ಟ್ ರೈಫಲ್ ಹೊಡೆದ ಮೇಲೆ ನೀವೇ ಎಳೆದು ತಳ್ಳುವವರೆಗೆ ಅದು ಸತ್ತ ಕೋವಿ. ಸೆಮಿ ಹಾಗಲ್ಲ. ಹೊಡೆದ ಮರುಕ್ಷಣವೇ ಇನ್ನೊಂದು ತೋಟಾ ಒಳಗೆ ಕೂತಿರುತ್ತದೆ. ಹೊಸಬರು ಏನು ಮಾಡುತ್ತಾರೆ? ಜಿಂಕೆ ಬಿತ್ತು ಅಂತ ಖುಷಿಗೆ ಎದ್ದು ನಿಲ್ಲುತ್ತಾರೆ. ಪಕ್ಕದವನನ್ನು ತಬ್ಬಿಕೊಳ್ಳುತ್ತಾರೆ. ಕೋವಿ ಕೈಯಲ್ಲೇ ಇದೆ, ಸೇಫ್ಟಿ ಹಾಕಿಲ್ಲ, ಬೆರಳು ಎಲ್ಲಿದೆಯೋ ದೇವರಿಗೇ ಗೊತ್ತು. ಮ್ಯಾಗಝಿನ್ ತೆಗೆದೆ, ಖಾಲಿ ಆಯ್ತು ಅಂದುಕೊಳ್ಳುವವರು ಇನ್ನೂ ಅಪಾಯ. ನಳಿಗೆಯಲ್ಲಿ ಒಂದು ಉಳಿದೇ ಇರುತ್ತದೆ. ಮೊದಲು ಮ್ಯಾಗಝಿನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆದು ಒಳಗಿನದ್ದು ಹೊರಗೆ ಹಾಕಿ, ಕಣ್ಣಲ್ಲಿ ನೋಡಿ, ಕಿರುಬೆರಳು ಇಟ್ಟೂ ನೋಡಿ. ಇದೇ ಕ್ರಮ. ತಿರುಗಾಮುರುಗಾ ಮಾಡಿದರೆ ಖಾಲಿ ಮಾಡಿದ ನಳಿಗೆ ಮತ್ತೆ ತುಂಬಿಕೊಳ್ಳುತ್ತದೆ.

ಇದು ಅಭ್ಯಾಸವಾಗೋವರೆಗೆ ಮ್ಯಾಗಝಿನ್‌ಗೆ ಒಂದೇ ತೋಟಾ ಹಾಕಿ ಹೋಗಿ. ಸೆಮಿ ಇಟ್ಟುಕೊಂಡು ಒಂದೇನಾ ಅಂತ ಗೆಳೆಯ ನಗಬಹುದು. ನಗಲಿ ಬಿಡಿ.

ಕುಶಾಲನಗರದವ

ಭೀಮಣ್ಣನ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಎರಡನೇ ಈಡು ಬೇಗ ಸಿಗುತ್ತದೆ ಅನ್ನೋದು ಜಿಂಕೆಗೆ ಸೆಮಿ ಕೊಳ್ಳಲು ಕಾರಣವೇ ಅಲ್ಲ. ಹಂದಿ ಹಿಂಡಿಗೆ ಅದು ಕಾರಣ. ಭುಜ ನೋವು ಕಾರಣ. ಎಡಗೈಯವರಿಗೂ ಕಾರಣ ಇರಬಹುದು, ಯಾಕೆಂದರೆ ಬಲಗೈ ಬೋಲ್ಟ್ ಎಳೆಯೋಕೆ ಅವರು ಒದ್ದಾಡುತ್ತಾರೆ. ಹೆಂಗಾದರೂ ಹೊಡೆದುಬಿಡೋಣ, ತಪ್ಪಿದರೆ ಇನ್ನೊಂದು ಇದೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಸೆಮಿ ಕೊಡಲೇಬಾರದು.

ಪ್ಲೇನೋ_ಪ್ರವಾಸಿ

ನಾನು ಎಚ್-1ಬಿ ಮೇಲಿದ್ದೇನೆ. ನಾನೂ ತಗೋಬಹುದಾ? ಒಬ್ಬರು ಆಗಲ್ಲ ಅಂತಾರೆ, ಒಬ್ಬರು ಆಗುತ್ತೆ ಅಂತಾರೆ.

ಸಕಲೇಶಪುರ_ಕಾಫಿ

ಇಬ್ಬರೂ ಅರ್ಧ ಸರಿ. ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ತೋಟಾ ಕೂಡ. ಆದರೆ ಅಮೆರಿಕದ ಯಾವುದಾದರೂ ರಾಜ್ಯದ ಹಂಟಿಂಗ್ ಲೈಸನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ‘ಚಾಲ್ತಿಯಲ್ಲಿದ್ದರೆ’ ಅನ್ನೋದನ್ನು ಗಮನಿಸಿ. ಟೆಕ್ಸಸ್ ಲೈಸನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ಕ್ಕೆ ಹೊಸದು ಕೈಯಲ್ಲಿ ಇಲ್ಲ, ಕೋವಿ ಮನೆಯಲ್ಲಿದೆ ಅಂದರೆ ಅದೇ ಅಪರಾಧ. ಅದರ ಪೆಟ್ಟು ವೀಸಾ ಮೇಲೆ ಬೀಳುತ್ತದೆ, ಗ್ರೀನ್ ಕಾರ್ಡ್ ಮೇಲೂ ಬೀಳುತ್ತದೆ. ಹೊಸದು ಆಗಸ್ಟ್ 15ರಿಂದಲೇ ಮಾರಾಟಕ್ಕೆ ಬರುತ್ತದೆ, ಅವತ್ತೇ ತಗೊಂಡುಬಿಡಿ. ಟೆಕ್ಸಸ್‌ನಲ್ಲಿ ಆರು ತಿಂಗಳಿಗಿಂತ ಜಾಸ್ತಿ ವಾಸವಿದ್ದರೆ ರೆಸಿಡೆಂಟ್ ಲೈಸನ್ಸ್ 25 ಡಾಲರ್.

ಕೊಳ್ಳುವ ಮೊದಲು ನಿಮ್ಮ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ. ನಾವು ಯಾರೂ ವಕೀಲರಲ್ಲ. ಅಂಗಡಿಯಲ್ಲಿ 4473 ಫಾರಂ ತುಂಬಿಸುತ್ತಾರೆ. ಅದರಲ್ಲಿ ಗಾಂಜಾ ಸೇದುತ್ತೀರಾ ಅಂತಲೂ ಕೇಳುತ್ತಾರೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಆಗಿದ್ದರೂ ಆ ಫಾರಂಗೆ ಅದು ಲೆಕ್ಕವಿಲ್ಲ. ಸುಳ್ಳು ಬರೆದರೆ ಅದೊಂದು ಬೇರೆ ಕೇಸು.

ನೋವೈ_ನಾಗ

ಹೊರರಾಜ್ಯದವರು ಟೆಕ್ಸಸ್‌ಗೆ ಹೋದರೆ ಎಷ್ಟು? ಕಳೆದ ಸಲ ವಿಚಾರಿಸಿದಾಗ 315 ಡಾಲರ್ ಅಂದಿದ್ದರು.

ಕುಶಾಲನಗರದವ

ವೈಟ್‌ಟೇಲ್ ಬೇಕಾದರೆ 315. ಬರೀ ಆಕ್ಸಿಸ್ ಸಾಕು ಅಂದರೆ 5 ದಿನದ ಸ್ಪೆಷಲ್ ಲೈಸನ್ಸ್ 48ಕ್ಕೆ ಸಿಗುತ್ತದೆ. ಬಾ ನಾಗಾ, ಮೇ-ಜೂನ್‌ನಲ್ಲಿ ಬಾ. ಆಗ ಗಂಡು ಆಕ್ಸಿಸ್ ಕೂಗುವ ಕಾಲ. ಕಣ್ಣು ಮುಚ್ಚಿ ಕೂತರೆ ಕಬಿನಿ ಹಿನ್ನೀರಿನ ದಂಡೆಯಲ್ಲೇ ಇದ್ದಂತಾಗುತ್ತದೆ.

ಮಧುಗಿರಿ_ಟು_ಆಸ್ಟಿನ್

742 ನೋಡಿಕೊಂಡು ಬಂದೆ. ಟಾರ್ಚ್ ಬಿಟ್ಟೆ. ಅಣ್ಣ ಹೇಳಿದ ಹಾಗೇ ಇತ್ತು, ಎರಡೂ ಕಡೆ ಕಚ್ಚು. ಅಂಗಡಿಯವನು ‘ಇದು ಸಹಜ’ ಅಂದ. ಕೈಮುಗಿದು ಬಂದೆ.

ಈಗ ಬಿಎಆರ್, ಎಸ್ಎಫ್ಎಆರ್ ಎರಡೇ ಉಳಿದಿವೆ. ಮನೆಯವಳು ಎರಡನ್ನೂ ಭುಜಕ್ಕೆ ಇಟ್ಟು ನೋಡಿದಳು. ಎಸ್ಎಫ್ಎಆರ್ ಅಂದಳು. ನಿಖರತೆ ಹೇಗೆ? ಸೆಮಿ ಅಂದರೆ ಗುರಿ ಚದುರುತ್ತದೆ ಅಂತ ಓದಿದೆ.

ಕುಶಾಲನಗರದವ

ಬೋಲ್ಟಿನಷ್ಟು ಬಿಗಿ ಇರೋದಿಲ್ಲ, ಸಾಮಾನ್ಯವಾಗಿ. ಆದರೆ ಲೆಕ್ಕ ಹಾಕು. 100 ಗಜಕ್ಕೆ ಒಂದೂವರೆ, ಎರಡು ಇಂಚಿನೊಳಗೆ ಗುಂಡುಗಳು ಬಿದ್ದರೆ ಸಾಕು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಸಾರಿನ ತಟ್ಟೆಯಷ್ಟು ಅಗಲ. ಫೀಡರ್ ಬ್ಲೈಂಡಿನಿಂದ 100 ಗಜದ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ತಪ್ಪಿದರೆ ತಪ್ಪು ರೈಫಲ್‌ದಲ್ಲ. ಅದರ ಟ್ರಿಗರ್ ಸ್ವಲ್ಪ ಭಾರ ಇರಬಹುದು, ಅದಕ್ಕೆ ಕೈ ಪಳಗಬೇಕು.

ಒಂದೇ ತೊಂದರೆ, ಎಸ್ಎಫ್ಎಆರ್‌ನ ಮೂತಿಯಲ್ಲಿ ಬ್ರೇಕ್ ಇದೆ. ಒದೆತ ತಗ್ಗಿಸುತ್ತದೆ, ಆದರೆ ಸದ್ದನ್ನು ಪಕ್ಕಕ್ಕೆ ಎಸೆಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೂತು ಹೊಡೆದರೆ ಕಿವಿ ಗುಂಯ್ ಅನ್ನುತ್ತದೆ. ಪಕ್ಕದಲ್ಲಿ ಕೂತವರಿಗೆ ಇನ್ನೂ ಕಷ್ಟ. ಎಲೆಕ್ಟ್ರಾನಿಕ್ ಇಯರ್‌ಮಫ್ ತಗೋ, ಇಬ್ಬರಿಗೂ. ಸಣ್ಣ ಸದ್ದನ್ನು ಕೇಳಿಸುತ್ತದೆ, ದೊಡ್ಡದನ್ನು ತಡೆಯುತ್ತದೆ. ಬೇಕಿದ್ದರೆ ಬ್ರೇಕ್ ಬಿಚ್ಚಿಸಬಹುದು, ಆಗ ಒದೆತ ಸ್ವಲ್ಪ ಜಾಸ್ತಿ.

ಸಕಲೇಶಪುರ_ಕಾಫಿ

ಗುಂಡಿನ ವಿಷಯ: 308ರಲ್ಲಿ 150 ಗ್ರೇನ್ (ಗುಂಡಿನ ತೂಕ) ಸಾಫ್ಟ್ ಪಾಯಿಂಟ್, ಅಂದರೆ ತುದಿ ಮೆತ್ತಗಿರುವುದು, ಅಥವಾ ತಾಮ್ರದ ಗುಂಡು. ಫುಲ್ ಮೆಟಲ್ ಜಾಕೆಟ್ ರೇಂಜ್‌ಗೆ ಮಾತ್ರ, ಅದು ಅರಳದೆ ಸೂಜಿ ಹೋದ ಹಾಗೆ ಆರಪಾರ ಹೋಗುತ್ತದೆ, ಜಿಂಕೆ ಎಷ್ಟೋ ದೂರ ಓಡುತ್ತದೆ. ಮನೆಯಲ್ಲಿ ಮಕ್ಕಳು ತಿನ್ನುವವರು ಇದ್ದರೆ ತಾಮ್ರವೇ ವಾಸಿ. ಸೀಸದ ಗುಂಡಿನ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮಾಂಸದಲ್ಲಿ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ.

ಸೆಮಿಗೆ ಎಲ್ಲ ಬ್ರ್ಯಾಂಡೂ ಒಗ್ಗೋದಿಲ್ಲ. ಎರಡು ಮೂರು ಥರದ ಪೆಟ್ಟಿಗೆ ತಂದು ಹೊಡೆದು ನೋಡಿ. ಒಂದು ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಚದುರುತ್ತದೆ, ಮೂರನೆಯದು ಸರಿ ಕೂರುತ್ತದೆ. ಕೂತದ್ದನ್ನೇ ನಾಲ್ಕು ಪೆಟ್ಟಿಗೆ ತಂದಿಟ್ಟುಕೊಳ್ಳಿ. ನವೆಂಬರ್ ಹತ್ತಿರ ಬಂದರೆ ಅಂಗಡಿ ಖಾಲಿ.

ಒರೆಸೋದು ಮರೆಯಬೇಡಿ. ಗ್ಯಾಸ್ ಹೋಗುವ ಜಾಗದಲ್ಲಿ ಮಸಿ ಕಟ್ಟುತ್ತದೆ. ಎಣ್ಣೆ ಜಾಸ್ತಿ ಸುರಿದರೂ ತೊಂದರೆ, ಹಿಲ್ ಕಂಟ್ರಿಯ ಆ ಸುಣ್ಣದ ದೂಳು ಅದಕ್ಕೆ ಮೆತ್ತಿಕೊಂಡು ಹಿಟ್ಟಾಗುತ್ತದೆ.

ಸಾರು_ಅನ್ನ

ನನಗೆ ಇದ್ಯಾವುದೂ ಬೇಡ, ಆದರೂ ಪೂರ್ತಿ ಓದಿದೆ. ಒಂದೇ ಪ್ರಶ್ನೆ. ಮನೆಯಲ್ಲಿ ಮಕ್ಕಳು ಇದ್ದಾರಾ?

ಮಧುಗಿರಿ_ಟು_ಆಸ್ಟಿನ್

ಒಬ್ಬ ಮಗ, ಆರು ವರ್ಷ.

ಸಾರು_ಅನ್ನ

ಹಾಗಾದರೆ ರೈಫಲ್‌ಗಿಂತ ಮೊದಲು ತಿಜೋರಿ ತಗೊಳ್ಳಿ.

ಬೋಲ್ಟ್_ಭೀಮಣ್ಣ

ನೂರಕ್ಕೆ ನೂರು. ಟೆಕ್ಸಸ್‌ನಲ್ಲಿ 17ರ ಒಳಗಿನ ಮಗುವಿನ ಕೈಗೆ ಸಿಗುವ ಹಾಗೆ ತುಂಬಿದ ಕೋವಿ ಬಿಟ್ಟರೆ ಕೇಸು ಬೀಳುತ್ತದೆ. ಕೇಸಿನ ಮಾತು ಹಾಗಿರಲಿ, ಆರು ವರ್ಷದ ಹುಡುಗರಿಗೆ ಅಲಮಾರಿ ಮೇಲಿನದ್ದು ಸಿಗೋದಿಲ್ಲ ಅಂದುಕೊಂಡರೆ ನಿಮಗೆ ಹುಡುಗರು ಗೊತ್ತಿಲ್ಲ. ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ತಿಜೋರಿ. ತೋಟಾ ಬೇರೆ ಕಡೆ, ಬೇರೆ ಬೀಗ. ನಿಮ್ಮ 2000ದಲ್ಲಿ ಇದಕ್ಕೂ ಎತ್ತಿಡಿ. ಸ್ಕೋಪ್ ಬೇಕಾದರೆ ಸ್ವಲ್ಪ ಅಗ್ಗದ್ದು ಹಾಕಿ.

ಪಿಟ್ಸ್‌ಬರ್ಗ್_ಪುಟ್ಟ

ಸ್ಕೋಪ್ 3-9x40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. ಜಾಸ್ತಿ ಜೂಮ್ ಇಟ್ಟರೆ 60 ಗಜದ ಜಿಂಕೆ ಬರೀ ಕಂದು ಬಣ್ಣದ ಗೋಡೆಯಾಗಿ ಕಾಣುತ್ತದೆ. ಬೇಟೆಗೆ ಕೂರುವಾಗ 3ಕ್ಕೆ ಇಟ್ಟುಕೊಂಡು ಕೂರಿ.

ಮಧುಗಿರಿ_ಟು_ಆಸ್ಟಿನ್

ಆಯ್ತು, ತಗೊಂಡೆ. ಎಸ್ಎಫ್ಎಆರ್ 308, 20 ಇಂಚಿನ ನಳಿಗೆ. ಎರಡು ಐದರ ಮ್ಯಾಗಝಿನ್. ಸಾದಾ 3-9 ಸ್ಕೋಪ್. ತಿಜೋರಿ ಗ್ಯಾರೇಜಿನಲ್ಲಿ ಬೇಡ ಅಂತ ಮನೆಯವಳು ಹಠ ಹಿಡಿದಳು, ಬೆಡ್‌ರೂಮಿನ ಕ್ಲೋಸೆಟ್ ಒಳಗೆ ಕೂರಿಸಿಯಾಯ್ತು. ಬಜೆಟ್ ಸ್ವಲ್ಪ ದಾಟಿತು.

ಶನಿವಾರ ರೇಂಜ್‌ಗೆ ಹೋಗ್ತಿದ್ದೇವೆ. ಝೀರೋ (ಸ್ಕೋಪಿನ ಗುರಿ ಹೊಂದಿಸೋದು) ಎಷ್ಟು ಗಜಕ್ಕೆ ಮಾಡಲಿ? ಮತ್ತೆ ಆಕ್ಸಿಸ್ ಸಿಕ್ಕರೆ ಮಾಂಸ ಏನು ಮಾಡೋದು, ಅಷ್ಟೊಂದು?

ಕುಶಾಲನಗರದವ

ಮೊದಲು 25 ಗಜದಲ್ಲಿ ಕಾಗದದ ಮೇಲೆ ಬರಿಸಿಕೋ, ಆಮೇಲೆ 100ಕ್ಕೆ ಹೋಗು. 150 ಗ್ರೇನ್‌ಗೆ 100 ಗಜದಲ್ಲಿ ಎರಡು ಇಂಚು ಮೇಲೆ ಹೊಡೆಯುವ ಹಾಗೆ ಇಟ್ಟರೆ 200ರ ಹತ್ತಿರ ಸರಿಯಾಗಿ ಬೀಳುತ್ತದೆ. ನೀನು ಅಷ್ಟು ದೂರ ಹೊಡೆಯೋದು ಈ ವರ್ಷ ಬೇಡ. ಬೆಂಚಿನ ಮೇಲೆ ಝೀರೋ ಆದ ಮೇಲೆ ಬೆಂಚು ಬಿಟ್ಟು, ಕುರ್ಚಿಯಲ್ಲಿ ಕೂತು, ಬ್ಲೈಂಡಿನ ಕಿಟಕಿ ಥರ ಏನಾದರೂ ಇಟ್ಟುಕೊಂಡು ಹೊಡಿ. ಗುರಿ ಮುಂಗಾಲಿನ ಹಿಂದೆ, ಮೈಯ ಮೂರನೇ ಒಂದು ಭಾಗ ಎತ್ತರಕ್ಕೆ. ಹೊಡೆದ ಮೇಲೆ ಸೇಫ್ಟಿ ಹಾಕಿ, ಅರ್ಧ ಗಂಟೆ ಕೂತಲ್ಲೇ ಕೂರು. ತಕ್ಷಣ ಹಿಂದೆ ಓಡಿದರೆ ಗಾಯಗೊಂಡದ್ದು ಇನ್ನೂ ದೂರ ಹೋಗುತ್ತದೆ.

ಮಾಂಸಕ್ಕೆ ಯೋಚನೆ ಬೇಡ. ಆಕ್ಸಿಸ್‌ನಲ್ಲಿ ಕೊಬ್ಬೇ ಇಲ್ಲ, ವಾಸನೆಯೂ ಇಲ್ಲ. ತೊಡೆಯದನ್ನು ಸಣ್ಣಗೆ ಹೆಚ್ಚಿ, ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಅರೆದು ಹಾಕಿ, ಕೊನೆಗೆ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಿಡು. ನನ್ನ ಹತ್ತಿರ ಊರಿಂದ ತಂದ ಬಾಟಲಿ ಇದೆ, ಈ ಕಡೆ ಬಂದಾಗ ಸ್ವಲ್ಪ ತಗೊಂಡು ಹೋಗು. ನೀರು ಜಾಸ್ತಿ ಬೇಡ, ಕುಕ್ಕರ್‌ನಲ್ಲಿ ನಾಲ್ಕು ವಿಸಲ್.

ಸಕಲೇಶಪುರ_ಕಾಫಿ

ಎಳೆ ಜಿಂಕೆಗೆ ಮೂರೇ ಸಾಕು.